ಆಮದು ಕಾಳುಮೆಣಸಿನ ಪುಡಿ ಊರಿನ ಕಾಳಿಗಿಂತ ಅಗ್ಗಕ್ಕೆ ಸಿಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನೀವು ಬೆಂಗಳೂರಿನಲ್ಲಿ ಸಣ್ಣದಾಗಿ ಮಸಾಲೆ ಪ್ಯಾಕಿಂಗ್ ಶುರು ಮಾಡ್ತಿದ್ದೀರಿ. ಹೊರದೇಶದ ಕಾಳುಮೆಣಸಿನ ಪುಡಿಯನ್ನು ನಮ್ಮ ಕಾಳಿಗಿಂತ ಕಡಿಮೆ ರೇಟಿಗೆ ಕೊಡ್ತೀನಿ ಅಂತ ಒಬ್ಬರು ಬಂದಿದ್ದಾರೆ. ತಗೊಳ್ಳಬಹುದಾ, ರೇಟು ಮುಂದೆ ಎತ್ತ ಹೋಗುತ್ತೆ ಅಂತ ಕೇಳಿದ್ದೀರಿ.

ನಮ್ಮದು ಸೋಮವಾರಪೇಟೆ ಕಡೆ ಒಂದಿಷ್ಟು ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಜೊತೆಗೊಂದು ಚಿಕ್ಕ ಗಿರಣಿ. ಹಾಗಾಗಿ ನಾನು ಬೆಳೆಗಾರರ ಪಕ್ಷ ಅಂತ ಮೊದಲೇ ಹೇಳಿಬಿಡ್ತೀನಿ. ಲೆಕ್ಕಕ್ಕೆ ಮಾತ್ರ ಪಕ್ಷ ಇಲ್ಲ.

ಒಳ್ಳೆಯ ಕಾಳು ಬೀಸಿದ ಪುಡಿ ಆ ಕಾಳಿಗಿಂತ ಅಗ್ಗ ಆಗೋಕೆ ಆಗಲ್ಲ. ಬೀಸುವಾಗ ಸ್ವಲ್ಪ ತೂಕ ಹಾರಿಹೋಗುತ್ತದೆ. ಕರೆಂಟು, ಕೂಲಿ, ಜರಡಿ, ಚೀಲ ಎಲ್ಲಾ ಮೇಲೆ ಸೇರುತ್ತವೆ. ಅಷ್ಟಾದರೂ ಅಗ್ಗಕ್ಕೆ ಸಿಗ್ತಿದೆ ಅಂದರೆ ಬೀಸಿದ್ದು ಬೇರೇನೋ. ಸಾಮಾನ್ಯವಾಗಿ ಜೊಳ್ಳು, ಇಲ್ಲವೇ ಪಿನ್‌ಹೆಡ್ ಅನ್ನುವ ಸಾಸಿವೆ ಗಾತ್ರದ ಎಳೆಕಾಳು, ಅಥವಾ ಕಡ್ಡಿ, ಸಿಪ್ಪೆ.

ನಾನೂ ಒಮ್ಮೆ ಮೋಸ ಹೋದವನೇ. ಒಂದು ಮಳೆಗಾಲದಲ್ಲಿ ಸ್ಟಾಕ್ ಖಾಲಿಯಾಗಿತ್ತು. ಹೆಸರು ಬೇಡ, ಒಬ್ಬ ವ್ಯಾಪಾರಿಯಿಂದ ಎರಡು ಚೀಲ ಪುಡಿ ತಗೊಂಡೆ. ಬಣ್ಣ ಚೆನ್ನಾಗೇ ಇತ್ತು, ಸ್ವಲ್ಪ ಜಾಸ್ತಿಯೇ ಕಪ್ಪು. ಖಾಯಂ ಗಿರಾಕಿಯೊಬ್ಬರು ಪಂದಿ ಕರಿಗೆ ಅಂತ ಒಯ್ದವರು ಮೂರನೇ ದಿನಕ್ಕೆ ವಾಪಸ್ ತಂದರು. "ನಾಲ್ಕು ಚಮಚ ಹಾಕ್ದೆ, ಕರಿ ಕಪ್ಪಾಯ್ತೇ ಹೊರತು ಖಾರ ಆಗ್ಲಿಲ್ಲ" ಅಂದರು. ಚಿಟಿಕೆ ಪುಡಿ ನಾಲಿಗೆ ಮೇಲೆ ಇಟ್ಟು ನೋಡಿದರೆ ಮರದ ಪುಡಿ ತಿಂದ ಹಾಗೆ. ಕೊಳ್ಳುವ ಮೊದಲೇ ಮಾಡಬೇಕಿದ್ದ ಕೆಲಸ ಅದು, ಅಲ್ವಾ?

ಕಾಳಾದರೆ ನೋಡಿ ಕೊಳ್ಳಬಹುದು. ಒಂದು ಲೀಟರ್ ಪಾತ್ರೆಗೆ ತುಂಬಿ, ಮೇಲೆ ಕಡ್ಡಿ ಎಳೆದು ಮಟ್ಟ ಮಾಡಿ ತೂಗಿದರೆ ಆಯ್ತು, ತೂಕ ಹೆಚ್ಚಿದ್ದಷ್ಟೂ ಕಾಳು ಗಟ್ಟಿ. ಅಂತರರಾಷ್ಟ್ರೀಯ ವ್ಯಾಪಾರದಲ್ಲೂ 500 ಗ್ರಾಂ, 550 ಗ್ರಾಂ ಅಂತ ಈ ಲೀಟರ್ ತೂಕದ ಮೇಲೇ ರೇಟು. ವಿಯೆಟ್ನಾಂನವರು ಕೊಡುವ ಕೊಟೇಶನ್ ಹಾಗೇ ಇರುತ್ತದೆ. ಪಪ್ಪಾಯಿ ಬೀಜ ಬೆರೆಸಿದ್ದರೆ ನೀರಿಗೆ ಹಾಕಿದಾಗ ತೇಲುತ್ತದೆ, ಗಟ್ಟಿ ಮೆಣಸು ಮುಳುಗುತ್ತದೆ. ಬೀಸಿದ ಮೇಲೆ ಈ ಎರಡೂ ಪರೀಕ್ಷೆ ಮುಗಿದ ಹಾಗೆ.

ಇದೇ ಕಾರಣಕ್ಕೆ ಕಸ್ಟಮ್ಸ್ ಅಂಕಿಅಂಶ ನೋಡಿ "ಪುಡಿಯ ಸರಾಸರಿ ಆಮದು ಬೆಲೆ ಇಷ್ಟು" ಅನ್ನುವುದನ್ನು ನಾನು ನಂಬಲ್ಲ. ಇಡೀ ಕಾಳಿಗೆ 0904 11, ಬೀಸಿದ್ದಕ್ಕೆ 0904 12 ಅಂತ ಬೇರೆ ಬೇರೆ ಕೋಡ್ ಇದೆ, ಸರಿ. ಆದರೆ ಬೀಸಿದ್ದರಲ್ಲಿ ಹಬೆಯಲ್ಲಿ ಶುದ್ಧ ಮಾಡಿದ ದುಬಾರಿ ಪುಡಿಯೂ ಇರುತ್ತದೆ, ಜೊಳ್ಳಿನ ಪುಡಿಯೂ ಇರುತ್ತದೆ. ಒಟ್ಟು ಹಣವನ್ನು ಒಟ್ಟು ತೂಕಕ್ಕೆ ಭಾಗಿಸಿದರೆ ಬರುವ ಅಂಕಿಗೆ ನಿಮ್ಮ ಚೀಲದೊಳಗೆ ಏನಿದೆ ಅಂತ ಗೊತ್ತಿರಲ್ಲ. ನೋಡುವುದಾದರೆ ಕಾಳಿನ ರೇಟು ನೋಡಿ.

ಕಾಳಿನ ರೇಟಿಗೆ ಸುಂಕ ಸೇರಿಸಬೇಕು. ಭಾರತದಲ್ಲಿ ಕಾಳುಮೆಣಸಿನ ಮೇಲೆ ಸಾಮಾನ್ಯ ಸುಂಕ ಶೇ 70. ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದಡಿ ವಿಯೆಟ್ನಾಂನಿಂದ ಬಂದರೆ ಶೇ 50ರ ಆಸುಪಾಸು. ಶ್ರೀಲಂಕಾದಿಂದಾದರೆ ಕತೆಯೇ ಬೇರೆ. ಎರಡು ದೇಶಗಳ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಸುಂಕವೇ ಇಲ್ಲದೆ ಬರಬಹುದು, ಅದರಾಚೆಗೆ ಸಾರ್ಕ್ ದೇಶಗಳ ಒಪ್ಪಂದದಲ್ಲಿ ಶೇ 8. ವಿಯೆಟ್ನಾಂ ಮಾಲು ಶ್ರೀಲಂಕಾದಲ್ಲೇ ಬೆಳೆದದ್ದು ಅನ್ನುವ ಸರ್ಟಿಫಿಕೇಟ್ ಹಾಕಿಕೊಂಡು ಬರ್ತಿದೆ ಅಂತ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಗಲಾಟೆ ಮಾಡಿದ್ದು ಇದಕ್ಕೇ. ಆಗ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ಹಡಗು ಬಾಡಿಗೆ, ವಿಮೆ ಸೇರಿ ಬಂದರಿಗೆ ಬರುವಾಗಿನ ಬೆಲೆ ಅದು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧವೇ ಮಾಡಿದರು. ರಫ್ತಿಗೆಂದೇ ತರುವ ಘಟಕಗಳಿಗೆ ಆಮೇಲೆ ವಿನಾಯಿತಿ ಸಿಕ್ಕಿತು.

ನಿಮ್ಮ ಹತ್ತಿರ ಬಂದ ಆ ವ್ಯಾಪಾರಿಯ ಮಾಲನ್ನು ಈ ಲೆಕ್ಕಕ್ಕೆ ಹಾಕಿ. ಬಂದರಿನಲ್ಲಿ 500ರ ವಿಯೆಟ್ನಾಂ ಕಾಳು, ಮೇಲೆ ಶೇ 50 ಸುಂಕ, ಅಲ್ಲಿಗೇ 750. ಜಿಎಸ್‌ಟಿ, ಲಾರಿ ಬಾಡಿಗೆ, ಬೀಸುವ ಖರ್ಚು ಇನ್ನೂ ಬಂದಿಲ್ಲ. ವಿಯೆಟ್ನಾಂ ಮಾಲನ್ನೇ ಇದಕ್ಕಿಂತ ಎಷ್ಟೋ ಕೆಳಗೆ ಕೊಡ್ತಾರೆ ಅಂದರೆ ಒಂದೋ ಸುಂಕದಲ್ಲಿ ಗೋಲ್‌ಮಾಲ್, ಇಲ್ಲವೇ ಮಾಲಿನಲ್ಲಿ.

ಇನ್ನು ರೇಟಿನ ನಡೆ. 2015ರ ಹೊತ್ತಿಗೆ ನಮ್ಮಲ್ಲಿ ಕಿಲೋ 700ರ ಹತ್ತಿರ ಹೋಗಿತ್ತು. ಆ ಆಸೆಗೆ ವಿಯೆಟ್ನಾಂನಲ್ಲಿ ಸಿಕ್ಕಸಿಕ್ಕಲ್ಲಿ ಬಳ್ಳಿ ನೆಟ್ಟರು. ಮೆಣಸು ಫಸಲು ಕೊಡಲು ಮೂರು ವರ್ಷ ಬೇಕು, ಹಾಗಾಗಿ ಎಲ್ಲರ ಫಸಲೂ ಒಟ್ಟಿಗೇ ಬಂತು. 2020ರ ಸುಮಾರಿಗೆ ಅಲ್ಲಿ ಟನ್ನಿಗೆ 2,000 ಡಾಲರ್ ಆಸುಪಾಸಿಗೆ ಇಳಿಯಿತು, ಅಂದರೆ ನಮ್ಮ ಲೆಕ್ಕದಲ್ಲಿ ಕಿಲೋ 150 ರೂಪಾಯಿ. ಅವತ್ತು 500ರ ಕನಿಷ್ಠ ಆಮದು ಬೆಲೆ ಅನ್ನುವ ಬೇಲಿ ನಿಜಕ್ಕೂ ಎತ್ತರದ್ದು. ಅಲ್ಲಿನ ರೈತರು ಬೇಸತ್ತು ಬಳ್ಳಿ ಕಿತ್ತು ಡ್ಯೂರಿಯನ್ ಹಣ್ಣು, ಕಾಫಿ ಹಾಕಿದರು. 2024ರ ಮಧ್ಯದಲ್ಲಿ ಅಲ್ಲಿನ ರೇಟು ಟನ್ನಿಗೆ 6,000 ಡಾಲರ್, ಅಂದರೆ ಕಿಲೋ ಸುಮಾರು 500 ರೂಪಾಯಿ ದಾಟಿತು, ಇಲ್ಲಿ ಕಿಲೋಗೆ 600 ದಾಟಿತು. ಬೇಲಿ ಅಷ್ಟೇ ಇದೆ, ಈಗ ದಾಟೋದು ಸುಲಭ. ನಮ್ಮ ಬೆಳೆಗಾರರಲ್ಲಿ ಬಹಳ ಜನ ಇದನ್ನಿನ್ನೂ ಗಮನಿಸಿಲ್ಲ.

ಕಿತ್ತ ಬಳ್ಳಿ ಒಂದೇ ವರ್ಷಕ್ಕೆ ವಾಪಸ್ ಬರಲ್ಲ. ಅದಕ್ಕೇ ಹಿಂದಿನ ಅಗ್ಗದ ರೇಟು ನಂಬಿಕೊಂಡು ನಿಮ್ಮ ಪ್ಯಾಕೆಟ್ಟಿನ ಬೆಲೆ ಇಡಬೇಡಿ. ನಮ್ಮ ಕಡೆ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್. ವಿಯೆಟ್ನಾಂನದ್ದೂ ಹೆಚ್ಚುಕಮ್ಮಿ ಅದೇ ಹೊತ್ತು. ಎರಡೂ ಕಡೆ ಮಾಲು ಬರುವ ಆ ತಿಂಗಳುಗಳಲ್ಲಿ ಕಾಳು ಕೊಂಡಿಟ್ಟರೆ ಒಳ್ಳೆಯದು.

ಆ ಮನುಷ್ಯನನ್ನು ಮತ್ತೆ ಭೇಟಿ ಮಾಡಿದರೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಮಾಲಿಗೆ ಕಸ್ಟಮ್ಸ್‌ನಲ್ಲಿ ಸಲ್ಲಿಸುವ ಕಾಗದ, ತೋರಿಸಿ ಅನ್ನಿ. ಬೀಸುವ ಮೊದಲು ಕಾಳಿನ ಲೀಟರ್ ತೂಕ ಎಷ್ಟಿತ್ತು ಅಂತಲೂ ಕೇಳಿ. ತಡವರಿಸಿದರೆ ಸುಮ್ನೆ ಎದ್ದು ಬನ್ನಿ. ಕಾಳೇ ತಗೊಂಡು ಹತ್ತಿಪ್ಪತ್ತು ಕಿಲೋದಂತೆ ಬೀಸಿಸಿ. ಗಿರಣಿ ಬಿಸಿಯಾದರೆ ಘಮ ಅಲ್ಲೇ ಹೋಗುತ್ತೆ, ನಡುವೆ ನಿಲ್ಲಿಸಿ ಬೀಸಲು ಹೇಳಿ.