ಗಾಡಿ ಮಾತು: ಹಳೆ ಆಟೋಮ್ಯಾಟಿಕ್ ಕಾರಿನ ಕೆಂಪು ಆಯಿಲ್

ಪ್ರಶ್ನೆ: ನಮ್ಮದು 2010ರ ಹ್ಯುಂಡೈ ಐ10 ಆಟೋಮ್ಯಾಟಿಕ್. 78,000 ಕಿ.ಮೀ. ಓಡಿದೆ. ಮೊಣಕಾಲು ನೋವಿಗೆ ಕ್ಲಚ್ ತುಳಿಯಲು ಆಗುವುದಿಲ್ಲ ಅಂತ ಈ ಕಾರು ತಗೊಂಡೆ. ಈಗ ಬೆಳಿಗ್ಗೆ ‘ಡಿ’ಗೆ (ಮುಂದೆ ಓಡುವ ಗೇರಿಗೆ) ಹಾಕಿದರೆ ಒಂದು ಗಳಿಗೆ ತಡೆದು, ದಡ್ ಅಂತ ಹಿಡಿಯುತ್ತದೆ. ಗೇರ್‌ಬಾಕ್ಸ್ ಆಯಿಲ್ ಒಮ್ಮೆಯೂ ಬದಲಿಸಿಲ್ಲ. ಇಷ್ಟು ವರ್ಷದ ಮೇಲೆ ಮುಟ್ಟಿದರೆ ಗೇರ್‌ಬಾಕ್ಸೇ ಹೋಗುತ್ತದೆ ಅಂತ ಒಬ್ಬರು, ಮಷಿನ್ ಹಚ್ಚಿ ಪೂರ್ತಿ ತೊಳೆಸಿಬಿಡಿ ಅಂತ ಇನ್ನೊಬ್ಬರು. ಏನು ಮಾಡಲಿ?
— ನಿವೃತ್ತ ಶಿಕ್ಷಕಿ, ಗದಗ

ಉತ್ತರ: ಅಕ್ಕೋರೇ, ಎರಡೂ ಬೇಡ. ಮೊದಲು ಆಯಿಲ್ ನೋಡಿ. ನೋಡದೆ ಯಾರು ಏನು ಹೇಳಿದರೂ ಅದು ಬರೀ ಊಹೆ.

ನಿಮ್ಮ ಕಾರಿನಲ್ಲಿ ಎಂಜಿನ್ ಆಯಿಲ್ ಕಡ್ಡಿ ಬೇರೆ, ಗೇರ್‌ಬಾಕ್ಸ್ ಆಯಿಲ್ ಕಡ್ಡಿ ಬೇರೆ. ಎಂಜಿನ್ನಿನದನ್ನು ಬಂದ್ ಮಾಡಿ ನೋಡುತ್ತೇವೆ. ಇದನ್ನು ಎಂಜಿನ್ ಚಾಲೂ ಇಟ್ಟೇ, ಬಿಸಿಯಾದ ಮೇಲೆಯೇ ನೋಡಬೇಕು. ಮನೆಯಿಂದ ಬಿಂಕದಕಟ್ಟಿವರೆಗೆ ಹೋಗಿ ಬನ್ನಿ, ಅಷ್ಟು ಓಡಿದರೆ ಸಾಕು. ಆಯಿಲ್ 70–80 ಡಿಗ್ರಿಗೆ ಬಂದಿರುತ್ತದೆ. ಸಪಾಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಲಿವರ್ ಅನ್ನು ಎಲ್ಲ ಮನೆಗೂ ಒಮ್ಮೊಮ್ಮೆ ಹಾಕಿ, ಕೊನೆಗೆ ‘ಪಿ’ಗೆ, ಅಂದರೆ ಪಾರ್ಕಿಂಗಿಗೆ ತನ್ನಿ. ಆಮೇಲೆ ಬಾನೆಟ್ ಎತ್ತಿ. ಫ್ಯಾನು, ಬೆಲ್ಟು ತಿರುಗುತ್ತಿರುತ್ತವೆ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ, ಕೈಬಳೆ ತೆಗೆದಿಡಿ. ಇದೊಂದನ್ನು ಮರೆಯಬೇಡಿ.

ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗಿಟ್ಟು ಎಳೆಯಿರಿ. ಒರೆಸಲು ಗ್ಯಾರೇಜಿನ ವೇಸ್ಟ್ (ನೂಲಿನ ಉಂಡೆ) ಬೇಡ, ಅದರ ಎಳೆ ಒಳಗೆ ಹೋದರೆ ಸಣ್ಣ ದಾರಿಗಳು ಕಟ್ಟುತ್ತವೆ. ತೊಳೆದ ಹಳೆ ಬಿಳಿ ಪಂಚೆ ತುಂಡು ಒಳ್ಳೆಯದು. ಕಡ್ಡಿ ಮೇಲೆ ಬಿಸಿಯದು, ತಣ್ಣಗಿನದು ಅಂತ ಎರಡು ಗುರುತು ಇವೆ. ಬಿಸಿಯ ಗುರುತಿನೊಳಗೆ ಇದ್ದರೆ ಮಟ್ಟ ಸರಿ. ತಣ್ಣಗಿನ ಗುರುತು ಬರೀ ಅಂದಾಜಿಗೆ, ಅದನ್ನು ನೋಡಿ ಆಯಿಲ್ ಸುರಿಯಬೇಡಿ. ಜಾಸ್ತಿಯಾದರೆ ಒಳಗೆ ನೊರೆ ಏಳುತ್ತದೆ. ನೊರೆಗೆ ಒತ್ತಡ ಹಿಡಿಯುವ ಶಕ್ತಿ ಇಲ್ಲ. ಕಡಿಮೆಯಾದರೆ ಎಷ್ಟು ತೊಂದರೆಯೋ, ಜಾಸ್ತಿಯಾದರೂ ಅಷ್ಟೇ.

ಕಡ್ಡಿ ತುದಿಯ ಒಂದು ಹನಿಯನ್ನು ಅದೇ ಪಂಚೆ ಮೇಲೆ ಬೀಳಿಸಿ, ಐದು ನಿಮಿಷ ಬಿಡಿ. ಹೊಸ ಆಯಿಲ್ ದಾಳಿಂಬೆ ರಸದ ಹಾಗೆ ಕೆಂಪಗೆ ಹರಡುತ್ತದೆ. ಆ ಕೆಂಪು ಬಣ್ಣ ಬೇರೆ ಆಯಿಲ್‌ಗಳಿಂದ ಗುರುತು ಸಿಗಲಿ ಅಂತ ಹಾಕಿದ್ದು, ಓಡಿದ ಹಾಗೆ ಮಾಸುತ್ತದೆ. ಹಾಗಾಗಿ ನಿಮ್ಮದು ಕಂದಾಗಿದ್ದರೆ ಗಾಬರಿ ಬೇಡ. ಹನಿ ಹರಡದೆ ನಡುವೆ ಕಪ್ಪು ಚುಕ್ಕೆಯಾಗಿ ನಿಂತರೆ, ಬೆರಳಿಗೆ ಹರಳು ಹರಳು ಹತ್ತಿದರೆ, ಮೂಗಿಗೆ ಹಿಡಿದಾಗ ಒಗ್ಗರಣೆ ಹೊತ್ತಿದ ಹಾಗೆ ಸುಟ್ಟ ವಾಸನೆ ಬಂದರೆ, ಒಳಗಿನ ಕ್ಲಚ್ ಪ್ಲೇಟ್ ಸವೆದಿವೆ ಅಂತ ಅರ್ಥ. ಹಾಲು ಬೆರೆಸಿದ ಹಾಗೆ ತಿಳಿಗುಲಾಬಿ ಬಣ್ಣವಿದ್ದರೆ ರೇಡಿಯೇಟರಿನ ನೀರು ಸೇರಿದೆ. ಆಗ ಕಾರು ಓಡಿಸಲೇಬೇಡಿ.

‘ಮುಟ್ಟಿದರೆ ಹೋಗುತ್ತದೆ’ ಅನ್ನುವ ಮಾತು ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾರೇಜ್ ಹಾಕಿದ ದಿನದಿಂದ ಕೇಳುತ್ತಿದ್ದೇನೆ. ಅದು ಹುಟ್ಟಿದ್ದು ಹೀಗೆ. ಜನ ಗೇರ್ ಜಾರಲು ಶುರುವಾದ ಮೇಲೆ ಆಯಿಲ್ ಬದಲಿಸಲು ಬರುತ್ತಾರೆ. ಅಷ್ಟೊತ್ತಿಗೆ ಪ್ಲೇಟ್ ತೀರಿರುತ್ತವೆ. ಹೊಸ ಆಯಿಲ್ ಹಾಕಿ ವಾರದೊಳಗೆ ಕಾರು ನಿಂತರೆ ಬೈಗುಳ ಆಯಿಲಿಗೆ. ಜಾರುವುದು ಅಂದರೆ, ಎಂಜಿನ್ ಗುಂಯ್ ಅಂತ ಏರುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ನಿಮಗೆ ಹಾಗಾಗುತ್ತಿಲ್ಲ ಅಲ್ವಾ? ಬರೀ ಬೆಳಿಗ್ಗೆ, ತಣ್ಣಗಿದ್ದಾಗ ಮಾತ್ರ ತಡೆಯುತ್ತದೆ ಅಂದರೆ ನಿಮಗಿನ್ನೂ ಸಮಯ ಇದೆ. ಇನ್ನೊಂದು ಮಾತು. ತಣ್ಣಗಿದ್ದಾಗ ಎಂಜಿನ್ ಸ್ವಲ್ಪ ಜೋರಾಗಿಯೇ ಓಡುತ್ತದೆ. ಅದು ಇಳಿಯುವ ಮುಂಚೆ ‘ಡಿ’ಗೆ ಹಾಕಿದರೆ ದಡ್ ಅನ್ನುವುದು ಸಹಜ. ಅರ್ಧ ನಿಮಿಷ ತಡೆದು ಹಾಕಿ ನೋಡಿ. ಆಗಲೂ ಹೊಡೆದರೆ ಎಂಜಿನ್ ಕೂತಿರುವ ರಬ್ಬರ್ ಮೌಂಟ್ ಕೂಡ ನೋಡಿಸಿ.

ಮಷಿನ್ ತೊಳೆತ ನಿಮ್ಮ ಕಾರಿಗೆ ನಾನಂತೂ ಮಾಡುವುದಿಲ್ಲ. ಇಷ್ಟು ವರ್ಷ ತಳದಲ್ಲಿ ಸುಮ್ನೆ ಕೂತಿದ್ದ ಕಸವನ್ನು ಒತ್ತಡ ಹಾಕಿ ಎಬ್ಬಿಸಿದರೆ ಅದು ವಾಲ್ವ್‌ಗಳ ಸಣ್ಣ ದಾರಿಗೇ ಹೋಗಿ ಕೂರಬಹುದು. ಕೆಳಗಿನ ಬೋಲ್ಟ್ ಬಿಚ್ಚಿ, ಬಂದಷ್ಟು ಇಳಿಸಿ, ಅಷ್ಟೇ ತುಂಬುವುದು ಒಳ್ಳೆಯದು. ಒಳಗಿರುವುದು 6 ಲೀಟರ್ ಆಸುಪಾಸು. ಎಲ್ಲ ಬರುವುದಿಲ್ಲ, ಟಾರ್ಕ್ ಕನ್ವರ್ಟರಿನೊಳಗಿನದು (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಅದು) ಅಲ್ಲೇ ಉಳಿಯುತ್ತದೆ. 4 ಲೀಟರ್ ಬಂತು ಅಂದುಕೊಳ್ಳಿ. ಮೂರರಲ್ಲಿ ಎರಡು ಪಾಲು ಹೊಸದಾಯಿತು. ಸಾವಿರ ಕಿ.ಮೀ. ಓಡಿಸಿ ಮತ್ತೊಮ್ಮೆ ಹೀಗೇ ಮಾಡಿದರೆ ಹಳೆಯದು ಒಂಬತ್ತರಲ್ಲಿ ಒಂದು ಪಾಲು ಮಾತ್ರ.

ಇಳಿಸಿದ್ದನ್ನು ಚೆಲ್ಲಲು ಬಿಡಬೇಡಿ. ಲೀಟರ್ ಗುರುತಿರುವ ಡಬ್ಬಿಗೆ ಹಾಕಿ ಅಳೆಸಿ. ಎಷ್ಟು ಬಂತೋ ಅಷ್ಟೇ ಹೊಸದು ಹಾಕಿಸಿ, ಆಮೇಲೆ ಬಿಸಿ ಮಾಡಿ ಕಡ್ಡಿ ನೋಡಿ. ಬೋಲ್ಟ್ ತುದಿಯಲ್ಲಿ ಅಯಸ್ಕಾಂತವಿದ್ದು, ಅದಕ್ಕೆ ಕಾಡಿಗೆಯಂಥ ನುಣ್ಣನೆ ಮೆತ್ತಿದ್ದರೆ ಚಿಂತೆಯಿಲ್ಲ. ಉಗುರಿಗೆ ಸಿಗುವಂಥ ಚೂರು ಇದ್ದರೆ ಹೊಸ ಆಯಿಲಿಗೆ ದುಡ್ಡು ಹಾಕುವ ಮುಂಚೆ ಮೆಕ್ಯಾನಿಕ್ ಜೊತೆ ಕೂತು ಮಾತಾಡಿ. ಆಯಿಲ್ ಎಸ್‌ಪಿ-3 ದರ್ಜೆಯದೇ ಆಗಬೇಕು. ಡಬ್ಬಿ ಮೇಲೆ ಮೂರು ಅನ್ನುವುದಕ್ಕೆ ಮೂರು ನಿಂತ ಗೆರೆ (III) ಹಾಕಿರುತ್ತಾರೆ. ಎಸ್‌ಪಿ-4 ಅಂತ ಇನ್ನೊಂದಿದೆ. ಹೊಸದು ಅಂತ ಅಂಗಡಿಯವರು ಕೊಡಬಹುದು, ಅದು ಆಮೇಲೆ ಬಂದ ಆರು ಗೇರಿನ ಪೆಟ್ಟಿಗೆಗೆ. ತಗೋಬೇಡಿ.

ಕೆಲಸ ನಡೆಯುವಾಗ ನೀವು ಪಕ್ಕದಲ್ಲೇ ನಿಂತಿರಿ. ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಲಕ್ಷ್ಮೇಶ್ವರ ಕಡೆಯ ಒಂದು ಕುಟುಂಬ ನಿಮ್ಮಂಥದೇ ಕಾರನ್ನು ಅಣ್ಣಿಗೇರಿಯಿಂದ ಹಗ್ಗ ಕಟ್ಟಿ ನನ್ನ ಬಾಗಿಲಿಗೆ ತಂದಿತ್ತು. ಹಿಂದಿನ ದಿನ ಎಲ್ಲೋ ಎಂಜಿನ್ ಆಯಿಲ್ ಬದಲಿಸಿದ್ದರು. ಎಂಜಿನ್ ಕಡ್ಡಿ ಎಳೆದೆ. ಆಯಿಲ್ ಗುರುತು ದಾಟಿ ನಾಲ್ಕು ಬೆರಳು ಮೇಲಿತ್ತು. ಗೇರ್‌ಬಾಕ್ಸ್ ಕಡ್ಡಿ ಎಳೆದರೆ ಒಣಗಿತ್ತು. ಅಲ್ಲಿಗೆ ತಿಳಿಯಿತು. ಕಾರಿನ ಕೆಳಗೆ ಎರಡು ಬೋಲ್ಟ್. ಎಂಜಿನ್ನಿನದು ಅಂತ ಗೇರ್‌ಬಾಕ್ಸಿನದು ಬಿಚ್ಚಿದ್ದಾರೆ. ಕೆಂಪಗೆ ಇಳಿದಿದ್ದನ್ನು ಯಾರೂ ನೋಡಿಲ್ಲ. ಮೇಲಿನಿಂದ ಎಂಜಿನ್ ಆಯಿಲ್ ಮೇಲೆ ಎಂಜಿನ್ ಆಯಿಲ್ ಸುರಿದಿದ್ದಾರೆ. ಸಾಲದ್ದಕ್ಕೆ ಹಗ್ಗ ಕಟ್ಟಿ ಎಳೆತ. ಈ ಗೇರ್‌ಬಾಕ್ಸಿನ ಪಂಪು ತಿರುಗುವುದು ಎಂಜಿನ್ ಓಡಿದರೆ ಮಾತ್ರ. ಎಂಜಿನ್ ಬಂದ್ ಇದ್ದು ಚಕ್ರ ತಿರುಗಿದರೆ ಒಳಗೆ ಎಣ್ಣೆ ಸುತ್ತುವುದಿಲ್ಲ. ಮುಂದಿನ ಚಕ್ರ ಎತ್ತಿ ತರಬೇಕಿತ್ತು. ಬಿಚ್ಚಿದಾಗ ಪ್ಲೇಟ್‌ಗಳು ಕರಕಲಾಗಿದ್ದವು. ಆ ಮನೆಯವರ ಮಗಳ ಮದುವೆ ಮುಂದಿನ ವಾರವಿತ್ತು. ಇವತ್ತಿಗೂ ನನಗೆ ಆ ತಾಯಿಯ ಮುಖ ಕಣ್ಣ ಮುಂದಿದೆ. ಅಂದಿನಿಂದ ನಮ್ಮಲ್ಲಿ ಬಂದ ಪ್ರತಿ ಆಟೋಮ್ಯಾಟಿಕ್ಕಿನ ಗೇರ್‌ಬಾಕ್ಸ್ ಬೋಲ್ಟಿಗೆ ಕೆಂಪು ಬಣ್ಣ ಹಚ್ಚುತ್ತೇವೆ. ನಿಮ್ಮ ಮೆಕ್ಯಾನಿಕ್‌ಗೂ ಹಚ್ಚಲು ಹೇಳಿ.

ಇದಾದ ಮೇಲೆ 40,000 ಕಿ.ಮೀ.ಗೆ ಒಮ್ಮೆ ಬದಲಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಕಡೆಯ ಬಿಸಿಲಿಗೆ, ಚೆನ್ನಮ್ಮ ಸರ್ಕಲ್‌ನಂಥ ನಿಂತು ನಿಂತು ಹೋಗುವ ದಾರಿಗೆ ಆಯಿಲ್ ಬೇಗ ಬೇಯುತ್ತದೆ.

ಪ್ರಶ್ನೆ: ನನ್ನದು 2015ರ ಸೆಲೆರಿಯೊ, ಕ್ಲಚ್ ಪೆಡಲ್ ಇಲ್ಲ. ಇದಕ್ಕೂ ಕೆಂಪು ಆಯಿಲ್ ಬೇಕಾ?
— ಓದುಗರು, ಹಾವೇರಿ

ಉತ್ತರ: ಬೇಡ. ನಿಮ್ಮದು ಎಎಂಟಿ. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ನಿಮ್ಮ ಕಾಲಿನ, ಕೈಯ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಅದಕ್ಕೆ ಕಂಪನಿ ಹೇಳಿದ ಗೇರ್ ಆಯಿಲ್ ಹಾಕಿ. ಆ ಯಂತ್ರಕ್ಕೆ ಬೇರೆಯದೇ ಆಯಿಲ್ ಇದೆ, ಅದರ ಮಟ್ಟವನ್ನು ಸರ್ವಿಸ್‌ನಲ್ಲಿ ನೋಡಿಸಿ.

ಪ್ರಶ್ನೆ: 2006ರ ಹೋಂಡಾ ಸಿಟಿ ಸಿವಿಟಿ (ಇನ್ನೊಂದು ಬಗೆಯ ಆಟೋಮ್ಯಾಟಿಕ್). ಎಂಜಿನ್ ಚಾಲೂ ಇಟ್ಟು ಕಡ್ಡಿ ನೋಡಿದರೆ ಮಟ್ಟ ಕಡಿಮೆ ತೋರಿಸುತ್ತದೆ. ಆಯಿಲ್ ಹಾಕಲಾ?
— ಓದುಗರು, ಧಾರವಾಡ

ಉತ್ತರ: ತಡೆಯಿರಿ, ಹಾಕಬೇಡಿ. ಹಳೆ ಹೋಂಡಾಗಳದ್ದು ಉಲ್ಟಾ. ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಬಿಸಿ ಮಾಡಿ, ಎಂಜಿನ್ ಬಂದ್ ಮಾಡಿ, ಒಂದು ನಿಮಿಷ ಬಿಟ್ಟು ಒಂದೂವರೆ ನಿಮಿಷದೊಳಗೆ ನೋಡಬೇಕು. ಹಾಗೆ ನೋಡಿದರೂ ಕಡಿಮೆ ಇದ್ದರೆ ಮಾತ್ರ ಹಾಕಿ. ಅದೂ ಹೋಂಡಾದವರ ಸಿವಿಟಿ ಆಯಿಲ್ ಮಾತ್ರ. ಮೇಲೆ ಅಕ್ಕೋರಿಗೆ ಹೇಳಿದ ಎಸ್‌ಪಿ-3 ನಿಮ್ಮದಕ್ಕೆ ಆಗುವುದಿಲ್ಲ.