ಮಗಳ ಚೈನೀಸ್, ಅಮ್ಮನ ಪರದಾಟ

ಪ್ರಶ್ನೆ: ನಾವು ಶಿವಮೊಗ್ಗದವರು, ಈಗ ಸಿಂಗಾಪುರದಲ್ಲಿದ್ದೇವೆ. ಮಗಳಿಗೆ ಐದು ವರ್ಷ, ಮಗನಿಗೆ ಮೂರು. ಮಗಳು ಕಿಂಡರ್‌ಗಾರ್ಟನ್‌ನಲ್ಲಿ ಚೈನೀಸ್ ಕಲಿಯುತ್ತಿದ್ದಾಳೆ. ನನಗೂ ನಮ್ಮ ಯಜಮಾನರಿಗೂ ಅದರ ಗಂಧಗಾಳಿ ಇಲ್ಲ. ನಾನು ಯೂಟ್ಯೂಬ್ ನೋಡಿ ಪದಗಳನ್ನು ಕನ್ನಡದಲ್ಲಿ ಬರೆದುಕೊಂಡು ಹೇಳಿಕೊಟ್ಟರೆ ಅವಳು ನಗುತ್ತಾಳೆ. ಮನೆಯಲ್ಲಿ ಕನ್ನಡ ಕಡಿಮೆ ಮಾಡಿ ಅಂತ ಪರಿಚಯದವರ ಸಲಹೆ ಬೇರೆ. ಮಗನಿಗೂ ಈಗಲೇ ಟ್ಯೂಷನ್ ಹಾಕಿಸಬೇಕಾ? ಏನು ಮಾಡಲಿ ಮೇಡಂ?

ಉತ್ತರ: ಮೊದಲು ಆ ಕನ್ನಡದಲ್ಲಿ ಬರೆದುಕೊಂಡ ಹಾಳೆಯನ್ನು ಎತ್ತಿಡಿ. ನಾನೂ ಹಾಗೇ ನೋಟ್‌ಬುಕ್ ತುಂಬಿಸಿದವಳು. ಒಮ್ಮೆ ಅಂಗಡಿಯಲ್ಲಿ ‘ಕೊಳ್ಳಬೇಕು’ ಅನ್ನಲು ಹೋಗಿ ‘ಮಾರಬೇಕು’ ಅಂದುಬಿಟ್ಟೆ, ಅಂಗಡಿಯವಳು ನನ್ನ ಕೈಚೀಲವನ್ನೇ ನೋಡಿದಳು! ನಮ್ಮ ಲಿಪಿಯಲ್ಲಿ ಎರಡೂ ‘ಮಾಯ್’ ಅಷ್ಟೇ. ಆದರೆ ಸ್ವರವನ್ನು ಕೆಳಗೇ ಇಟ್ಟು ಹೇಳಿದರೆ ಕೊಳ್ಳುವುದು, ಮೇಲಿಂದ ದಬಕ್ಕನೆ ಇಳಿಸಿದರೆ ಮಾರುವುದು. ಹೀಗೆ ನಾಲ್ಕು ಟೋನ್ ಇವೆ, ಒತ್ತಿಲ್ಲದ್ದು ಇನ್ನೊಂದು. ಅವಳು ನಗುತ್ತಾಳೆ ಅಂದರೆ ಅವಳ ಕಿವಿ ನಿಮ್ಮದಕ್ಕಿಂತ ಚುರುಕು ಅಂತ ಅರ್ಥ, ಬೇಜಾರು ಮಾಡಿಕೊಳ್ಳಬೇಡಿ.

ಕನ್ನಡ ಕಡಿಮೆ ಮಾಡಿ ಅಂದವರ ಮಾತು ಕೇಳಬೇಡಿ. ನೀವು ಕನ್ನಡ ಬಿಟ್ಟರೆ ಆ ಜಾಗಕ್ಕೆ ಬರುವುದು ಇಂಗ್ಲಿಷ್, ಚೈನೀಸ್ ಅಲ್ಲವಲ್ಲ! ಅಲ್ಲದೆ ಕನ್ನಡ ಇಲ್ಲಿ ಉಪಯೋಗಕ್ಕೇ ಬರುತ್ತದೆ. ಪಿನ್‌ಯಿನ್ ಅಂತ ಚೈನೀಸನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ ನೋಡಿ, ಅದರಲ್ಲಿ ‘ಬಿ’ ಹಾಕಿ ಬರೆದದ್ದು ನಮ್ಮ ‘ಪ’ಕ್ಕೆ ಹತ್ತಿರ, ‘ಪಿ’ ಹಾಕಿದ್ದು ಮಹಾಪ್ರಾಣ ‘ಫ’ (ಫ್ಯಾನಿನ ಫ ಅಲ್ಲ, ತುಟಿ ಮುಚ್ಚಿ ಉಸಿರು ಬಿಟ್ಟು ಹೇಳುವ ಫ). ಹಾಗೇ ‘ಜಿ’ಗೆ ಕ, ‘ಕೆ’ಗೆ ಖ. ಕಾಗುಣಿತ ಕಲಿತವರಿಗೆ ಇದು ಹೊಸದಲ್ಲ, ಮಾತಿನಲ್ಲಿ ನಾವು ಮಹಾಪ್ರಾಣ ನುಂಗಿಬಿಡುತ್ತೇವೆ ಅನ್ನುವುದು ಬೇರೆ ವಿಷಯ. ಇಂಗ್ಲಿಷಿನಲ್ಲಿ ಬ್ರದರ್ ಅಂದರೆ ಅಣ್ಣನೋ ತಮ್ಮನೋ ಗೊತ್ತಾಗುವುದಿಲ್ಲ, ಚೈನೀಸಿನಲ್ಲಿ ನಮ್ಮ ಹಾಗೇ ಬೇರೆ ಬೇರೆ ಪದ: ಅಣ್ಣ ‘ಕಕ’, ತಮ್ಮ ‘ತೀತಿ’. ಪಿನ್‌ಯಿನ್‌ನಲ್ಲಿ ಬರೆದದ್ದನ್ನು ಇಂಗ್ಲಿಷಿನ ಹಾಗೆ ಓದಿದರೆ ತಮ್ಮ ‘ದೀದಿ’ ಆಗುತ್ತಾನೆ, ಹಿಂದಿ ಸೀರಿಯಲ್ ನೋಡುವ ಅಜ್ಜಿ ವಿಡಿಯೋ ಕಾಲಿನಲ್ಲಿ ಕೇಳಿದರೆ ಗಾಬರಿಯಾಗುತ್ತಾರೆ.

ಇನ್ನು ನೀವು ಟೀಚರ್ ಆಗಬೇಡಿ, ವಿದ್ಯಾರ್ಥಿ ಆಗಿ. ಅವಳು ಇವತ್ತು ಕಲಿತ ಎರಡು ಪದ ನಿಮಗೆ ಹೇಳಿಕೊಡಲಿ, ತಪ್ಪು ಹೇಳಿ, ತಿದ್ದಲಿ. ಪಾಠದ ಆಡಿಯೋ ಕೊಡಿ ಅಂತ ಟೀಚರನ್ನು ಕೇಳಿ, ಊಟದ ಹೊತ್ತಿಗೆ ದಿನಾ ಹತ್ತು ನಿಮಿಷ ಹಾಕಿ. ಅಕ್ಷರ ತಿದ್ದಿಸುವ ಅವಸರ ಬೇಡ, ಮೊದಲು ಕಿವಿ. ಹತ್ತಿರದ ಲೈಬ್ರರಿಯಲ್ಲಿ ಚೈನೀಸ್ ಮಕ್ಕಳ ಪುಸ್ತಕ ಸಿಗುತ್ತವೆ, ಚಿತ್ರ ನೋಡಿ ಕಥೆಯನ್ನು ನೀವು ಕನ್ನಡದಲ್ಲೇ ಹೇಳಿದರೂ ಆಯಿತು. ಲಿಫ್ಟಿನಲ್ಲಿ ಸಿಗುವ ಚೈನೀಸ್ ಆಂಟಿಗೆ ಅವಳು ನಮಸ್ಕಾರ ಹೇಳಲಿ. ತೀರಾ ವಯಸ್ಸಾದವರು ಕೆಲವರು ಮ್ಯಾಂಡರಿನ್ (ಶಾಲೆಯಲ್ಲಿ ಕಲಿಸುವ ಚೈನೀಸ್ ಅಂದರೆ ಇದೇ) ಬಿಟ್ಟು ಹೊಕ್ಕಿಯೆನ್, ಕ್ಯಾಂಟನೀಸ್‌ನಂಥ ಬೇರೆ ಚೈನೀಸ್ ಆಡಿಯಾರು, 1979ರಲ್ಲೇ ಸರ್ಕಾರ ‘ಮ್ಯಾಂಡರಿನ್ ಮಾತಾಡಿ’ ಅಂತ ಅಭಿಯಾನ ಶುರುಮಾಡಿದ್ದರೂ ಮನೆಮಾತು ಅಷ್ಟು ಸುಲಭವಾಗಿ ಹೋಗುತ್ತದಾ?

ಒಂದು ವಿಷಯ ಮಾತ್ರ ಈಗಲೇ ಯೋಚಿಸಿ. ಪ್ರೈಮರಿ ಒಂದಕ್ಕೆ ಸರ್ಕಾರಿ ಶಾಲೆ ಸೇರಿಸುವುದಾದರೆ ‘ಮದರ್ ಟಂಗ್’, ಅಂದರೆ ಇಂಗ್ಲಿಷ್ ಜೊತೆ ಕಲಿಯುವ ಇನ್ನೊಂದು ಭಾಷೆ, ಆರಿಸಬೇಕು. ನಮ್ಮ ಮದರ್ ಟಂಗೇ ಆ ಪಟ್ಟಿಯಲ್ಲಿಲ್ಲ! ಭಾರತೀಯ ಮಕ್ಕಳಿಗೆ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಚೈನೀಸೇ ಬೇಕೆಂದರೆ ಶಾಲೆಯಲ್ಲಿ ವಿಚಾರಿಸಿ. ಆದರೆ ಆರನೇ ತರಗತಿಯ ಪಿಎಸ್‌ಎಲ್‌ಇ ಪರೀಕ್ಷೆಯ ನಾಲ್ಕು ವಿಷಯಗಳಲ್ಲಿ ಅದೂ ಒಂದು, ಮನೆಯಲ್ಲೇ ಚೈನೀಸ್ ಆಡುವ ಮಕ್ಕಳ ಜೊತೆ ಅವಳು ಬರೆಯಬೇಕು. ಖುಷಿಗೆ ಕಲಿಯುವುದೇ ಬೇರೆ, ಅಂಕಕ್ಕೆ ಕಲಿಯುವುದೇ ಬೇರೆ. ನಾನಾಗಿದ್ದರೆ ಅವಳ ಆಸಕ್ತಿ ಇನ್ನೊಂದು ವರ್ಷ ನೋಡಿ ತೀರ್ಮಾನ ಮಾಡುತ್ತಿದ್ದೆ.

ಮಗನಿಗೆ ಟ್ಯೂಷನ್ ಸುಮ್ನೆ ದುಡ್ಡು ದಂಡ. ಅಕ್ಕನಿಗೆ ಟೀಚರ್ ಆಟ ಆಡಲು ನಿಮ್ಮ ಜೊತೆ ಇನ್ನೊಬ್ಬ ಸ್ಟೂಡೆಂಟ್ ಬೇಕಲ್ಲ, ಅವನನ್ನೂ ಕೂರಿಸಿ.