ಶನಿವಾರಕ್ಕೆ ಯುದ್ಧದ ಎಪಿಸೋಡ್ ಬೇಡ, ಇದನ್ನು ಹಾಕಿ

ಮೇಡಂ, ಪುಣೆಯ ಕೋಥರೂಡಿನಲ್ಲಿ ಶನಿವಾರ ತೋರಿಸಲು ತ್ಯಾಗದ ಕಥೆಯ ಒಂದೇ ಎಪಿಸೋಡ್ ಬೇಕು, ಬಾಹ್ಯಾಕಾಶದ ಸೀರಿಯಲ್ ಅಂದರೆ ಮೂಗು ಮುರಿಯುವ ಹಿರಿಯರೂ ಕೂತು ನೋಡಬೇಕು ಅಂತ ಕೇಳಿದ್ದೀರಿ. ಇಲ್ಲಿ ಉತ್ತರ ಕೊಟ್ಟ ಹೆಚ್ಚಿನವರು ಯುದ್ಧದ ಎಪಿಸೋಡನ್ನೇ ಹೇಳಿದ್ದಾರೆ. ನಾಯಕ ಹಡಗಿನ ಸಮೇತ ಸುಟ್ಟುಹೋದರೆ ನಾವು ಅಳುತ್ತೇವೆ, ಹೊಸಬರು ಫೋನ್ ನೋಡುತ್ತಾರೆ. ಅವರಿಗೆ ಅವನು ಯಾರೋ, ಅಲ್ವಾ?

ನನ್ನ ಓಟು ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ನ ‘ದಿ ವಿಸಿಟರ್’ಗೆ. ನಾಲ್ಕನೇ ಸೀಸನ್, 1995ರದ್ದು. ಮೊದಲೇ ಇಷ್ಟು ಹೇಳಿದರೆ ಸಾಕು: ಬೆನ್ ಸಿಸ್ಕೊ ಒಂದು ಬಾಹ್ಯಾಕಾಶ ನಿಲ್ದಾಣದ ಮುಖ್ಯಸ್ಥ, ಹೆಂಡತಿ ಯುದ್ಧದಲ್ಲಿ ತೀರಿಕೊಂಡಿದ್ದಾಳೆ, ಮಗ ಜೇಕ್‌ನನ್ನು ಒಬ್ಬನೇ ಬೆಳೆಸಿದ್ದಾನೆ. ಕಥೆಯಲ್ಲಿ ಬರುವ ‘ಸಬ್‌ಸ್ಪೇಸ್’ ಅನ್ನುವ ಕಾಲ್ಪನಿಕ ವಿಜ್ಞಾನ ಅಂದರೇನು ಅಂತ ವಿವರಿಸಬೇಡಿ. ನಮ್ಮಲ್ಲಿ ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಆಯುಕಾದ ಉಪನ್ಯಾಸ ಕೇಳಿ ಬಂದವರು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ.

ಕಥೆ ಗೊತ್ತಾಗಬಾರದು ಅನ್ನುವವರು ಈ ಪ್ಯಾರಾ ಬಿಡಿ. ಹದಿನೆಂಟರ ಜೇಕ್‌ನ ಕಣ್ಣೆದುರೇ ಅಪ್ಪ ಅಪಘಾತದಲ್ಲಿ ಮಾಯವಾಗುತ್ತಾನೆ. ಸತ್ತಿಲ್ಲ. ವರ್ಷಗಟ್ಟಲೆ ಬಿಟ್ಟು ಕೆಲವೇ ನಿಮಿಷ ಎದುರಿಗೆ ಬರುತ್ತಾನೆ, ವಯಸ್ಸು ಮಾತ್ರ ಏರಿಲ್ಲ. ಅವನನ್ನು ವಾಪಸ್ ತರಲು ಮಗ ಬರವಣಿಗೆ ಬಿಟ್ಟು ವಿಜ್ಞಾನ ಓದುತ್ತಾನೆ, ಸಂಸಾರವೂ ಒಡೆಯುತ್ತದೆ. ಅಪ್ಪ ಬೇಡಿಕೊಳ್ಳುವುದು ಒಂದೇ: ನನ್ನನ್ನು ಬಿಡು, ನೀನು ಬದುಕು. ಕೊನೆಗೆ ಮುದುಕ ಜೇಕ್‌ಗೆ ಹೊಳೆಯುತ್ತದೆ, ಅಪ್ಪನನ್ನು ಹಿಡಿದಿಟ್ಟಿರುವ ಕೊಂಡಿ ತಾನೇ. ಅಪ್ಪ ಜೊತೆಗಿದ್ದಾಗಲೇ ತಾನು ಸತ್ತರೆ ಅವನು ಅಪಘಾತದ ಗಳಿಗೆಗೆ ಮರಳುತ್ತಾನೆ. ಹಾಗೇ ಮಾಡುತ್ತಾನೆ. ಮುದುಕನಾಗಿ ಟೋನಿ ಟಾಡ್. ಹೆದರಿಸುವ ಪಾತ್ರಗಳಿಗೆ ಹೆಸರಾದ ನಟ, ಇಲ್ಲಿ ಮಾತ್ರ ಬೇರೆಯೇ ಮನುಷ್ಯ.

ಮೊದಲ ಹತ್ತು ನಿಮಿಷ ತಪ್ಪಬಾರದು. ಮಳೆಯ ರಾತ್ರಿ ಒಬ್ಬಳು ಹುಡುಗಿ ಮುದುಕ ಜೇಕ್‌ನ ಮನೆಗೆ ಬಂದು, ಬರೆಯುವುದನ್ನು ಯಾಕೆ ಬಿಟ್ಟಿರಿ ಅಂತ ಕೇಳುವುದು ಅಲ್ಲೇ. ಹಿಂಜವಡಿಯಿಂದ ಬರುವವರಿಗಾಗಿ ಅರ್ಧ ಗಂಟೆ ತಡವಾಗಿ ಶುರು ಮಾಡಿ, ಚಹಾ ಮೊದಲೇ ಮುಗಿಸಿ. ಸಬ್‌ಟೈಟಲ್ ಇರಲಿ, ಜೇಕ್ ತುಂಬ ಮೆಲ್ಲಗೆ ಮಾತಾಡುತ್ತಾನೆ.

ಮುಗಿದ ಮೇಲೆ ಚರ್ಚೆಗೆ ಒಂದೇ ಪ್ರಶ್ನೆ ಹಾಕಿ: ಅಪ್ಪ ಬೇಡ ಅಂದಮೇಲೂ ಮಗ ಮಾಡಿದ್ದು ಸರಿಯೇ? ಹಿರಿಯರೇ ಜಾಸ್ತಿ ಜಗಳವಾಡುತ್ತಾರೆ, ನೋಡಿ. ಕೆಲವರು ಹೇಳಿದ, ಮೊದಲ ‘ಸ್ಟಾರ್ ಟ್ರೆಕ್’ ಸರಣಿಯ 1967ರ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಕೂಡ ಒಳ್ಳೆಯದೇ. ಆದರೆ ಅಲ್ಲಿ ನಿರ್ಧಾರ ಹಡಗಿನ ನಾಯಕ ಕರ್ಕ್‌ನದು, ಜೀವ ಹೋಗುವುದು ಅವನು ಪ್ರೀತಿಸಿದ, ಏನೂ ಗೊತ್ತಿಲ್ಲದ ಈಡಿತ್‌ಳದು. ಅದನ್ನು ತ್ಯಾಗ ಅನ್ನಲು ನನಗೆ ಮನಸ್ಸಿಲ್ಲ. ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ, ಒಂದೇ ಸಂಜೆ ಎರಡೂ ಬೇಡ.